ಸೌನಾ ಬಾಗಿಲ ನೀರು

ಕೇಕ್ ಬೇಯಿಸುವ ಅಗಲ ತಟ್ಟೆ ಮನೆ ಬೆಚ್ಚಗಿಡುವ ಫರ್ನೇಸಿನ ಹಿಂದೆ ಸಿಕ್ಕಿತು. ಕಾರಿನಾ ನೆಲಮಾಳಿಗೆಯ ಸಿಮೆಂಟಿನ ಮೇಲೆ ಮಂಡಿಯೂರಿ, ತಗಡಿಗೆ ಕೆನ್ನೆ ಒತ್ತಿ, ಕೈ ಚಾಚಿ ಅದನ್ನು ಎಳೆದಳು. ಅಂಚು ಮೀರಿ ನೀರು ತುಂಬಿತ್ತು. ಎರಡು ವಾರದಿಂದ ಈ ತಟ್ಟೆಗಾಗಿ ಅಡುಗೆಮನೆಯ ಕಪಾಟುಗಳನ್ನೆಲ್ಲ ಜಾಲಾಡಿದ್ದಳು. "ಚರ್ಚಿನಲ್ಲಿ ಬಿಟ್ಟು ಬಂದಿರ್ತೀಯ," ಎಂದಿದ್ದ ಗಂಡ ಲೈಲ್, ಪತ್ರಿಕೆಯಿಂದ ತಲೆ ಎತ್ತದೆ.

ನೀರು ಚೆಲ್ಲಿದಳು. ತಟ್ಟೆಯ ಒಳಮೈಯಲ್ಲಿ ಸುಣ್ಣದ ಬಿಳಿ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ತುಂಬಿದಾಗ ಯಾರೋ ಖಾಲಿ ಮಾಡಿ ಮತ್ತೆ ಅಲ್ಲೇ ಇಟ್ಟಿದ್ದಾರೆ. ಈ ವಾರ ಲೈಲನಿಗೆ ಗಣಿಯಲ್ಲಿ ಎರಡೆರಡು ಪಾಳಿ, ಮರೆತಿದ್ದಾನೆ.

ಬಟ್ಟೆ ಒಗೆಯಲು ಇಳಿದವಳ ಕಾಲುಚೀಲ ಒದ್ದೆಯಾದದ್ದು ಅಪ್ಪನ ಆವಿಸ್ನಾನದ ಕೋಣೆ ಸೌನಾದ ಬಾಗಿಲಲ್ಲಿ. ಸೌನಾ ಹಚ್ಚಿ ನಾಲ್ಕು ವಾರವಾಗಿತ್ತು. ಹಾಗಾದರೆ ನೀರು ಎಲ್ಲಿಯದು ಎಂದು ಅದರ ಜಾಡು ಹಿಡಿದು ಏರುಮುಖವಾಗಿ ಬಂದಿದ್ದಳು. ಈಗ ಕಣ್ಣೆದುರೇ ಇತ್ತು. ಚಳಿಗಾಲದ ಒಣಗಾಳಿಗೆ ತೇವ ಕೊಡಲೆಂದು ಫರ್ನೇಸಿನ ಪಕ್ಕಕ್ಕೆ ಕೂರಿಸಿದ ಹ್ಯೂಮಿಡಿಫೈಯರಿನ ಕೆಳ ಅಂಚಿನಿಂದ ಹನಿ ಇಳಿಯುತ್ತಿತ್ತು. ಇಳಿದದ್ದು ನೆಲದ ಇಳಿಜಾರಿಗೆ ಹರಿದು ಸೌನಾದ ಮುಂದೆ ನಿಲ್ಲುತ್ತಿತ್ತು.

ನಾಲ್ಕು ವಾರದ ಹಿಂದೆ ಊಟದ ಮೇಜಿನಲ್ಲಿ ಲೈಲ್ ಮಾವನಿಗೆ ಹೇಳಿದ್ದ, "ಐನೋ, ನಿಮ್ಮ ಸೌನಾ ಸೋರ್ತಾ ಇದೆ. ಹೀಗೇ ಆದ್ರೆ ಮನೆ ಗೋಡೆ ಕೊಳೆತು ಹೋಗುತ್ತೆ."

ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದ ಅಪ್ಪ ಮೊದಲು ಮಾಡಿದ ಕೆಲಸವೇ ಈ ಬಿಸಿಯಾವಿಯ ಕೋಣೆ. ದೇವದಾರು ಹಲಗೆಗಳನ್ನು ಒಂದೊಂದಾಗಿ ತಾನೇ ಕೂಡಿಸಿದ್ದ. ಆ ಶನಿವಾರ ಒಲೆ ಹಚ್ಚಲಿಲ್ಲ. ಮೇಲಿನ ಬಚ್ಚಲುತೊಟ್ಟಿಯಲ್ಲಿ ಮಂಡಿ ಮಡಿಸಿ ಕೂತು ಮಿಂದು ಬಂದು, "ಕಾಯಿಲೆ ಕರುವಿಗೆ ಮೈ ತೊಳೆಸಿದ ಹಾಗಿತ್ತು," ಎಂದ. ಎರಡು ವಾರ ಕಳೆದ ಮೇಲೆ ನೆಲ ಒಣಗಿತು. "ನೋಡಿದ್ಯಾ, ನನ್ನದೇ ನೀರು," ಎಂದು ಅಪ್ಪನೇ ಒಪ್ಪಿಕೊಂಡ. ಆಮೇಲೆ ಆಸ್ಪತ್ರೆ ಎದುರಿನ ವೃದ್ಧರ ವಸತಿಯಲ್ಲಿ ಒಂದು ಕೋಣೆ ನೋಡಿಕೊಂಡ. ಇವತ್ತು ಹನ್ನೊಂದಕ್ಕೆ ಹೋಗಿ ರುಜು ಹಾಕುವುದು. ಕಾರಿನಾಳ ಅಣ್ಣನ ಮಗ ಕಾರು ತರುತ್ತಾನೆ.

ನೆಲ ಯಾಕೆ ಒಣಗಿತ್ತು ಎಂಬುದಕ್ಕೆ ಉತ್ತರ, ಹನಿ ಹಿಡಿದ ತಟ್ಟೆ, ಈಗ ಅವಳ ಕೈಯಲ್ಲಿತ್ತು.

ಕಾರಿನಾ ನೀರಿನ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಹ್ಯೂಮಿಡಿಫೈಯರ್ ಪೆಟ್ಟಿಗೆಯ ಮುಚ್ಚಳ ಕಿತ್ತಳು. ನೀರು ಹೊರಹೋಗುವ ಕೊಳವೆಯ ಬಾಯಿಗೆ ಸಿಲಿಕೋನ್ ಅಂಟು ಮೆತ್ತಿತ್ತು. ಅಕ್ಟೋಬರಿನಲ್ಲಿ ಒಳಗಿನ ಜಾಲರಿ ಬದಲಿಸಿದಾಗ ಕೊಳವೆ ಕೂಡುವ ಕಡೆ ಚೂರು ಜಿನುಗಿತೆಂದು ಲೈಲ್ ಬಳಿದದ್ದು. ಅದು ಒಳಗೂ ನುಗ್ಗಿ ಅರ್ಧ ಬಾಯಿ ಮುಚ್ಚಿತ್ತು. ಉಳಿದರ್ಧವನ್ನು ಗಡಸು ನೀರಿನ ಸುಣ್ಣ ಮುಚ್ಚಿತ್ತು.

"ಲೈಲ್!"

ಕೆಳಗಿನಿಂದ ಕೂಗುವ ಹೆಂಗಸಲ್ಲ ಅವಳು. ಅವನು ಕಾಫಿ ಲೋಟ ಹಿಡಿದೇ ಇಳಿದು ಬಂದ. ತಟ್ಟೆ ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತ.

"ಶನಿವಾರ ಸರಿ ಮಾಡೋಣ ಅಂತಿದ್ದೆ."

"ಯಾವ ಶನಿವಾರ?"

"ಮೊದಲು ನಿಜವಾಗ್ಲೂ ಸೌನಾದ್ದೇ ಅಂದ್ಕೊಂಡಿದ್ದೆ, ಕಾರಿನಾ. ಆಮೇಲೆ ಗೊತ್ತಾಯ್ತು. ಸದ್ದಿಲ್ಲದೆ ರಿಪೇರಿ ಮಾಡಿಬಿಟ್ಟು, ಹಲಗೆ ಒಣಗಿದೆ, ಇನ್ನು ಹಚ್ಕೊಳ್ಳಿ ಅಂತ ನಾನೇ ಅವರಿಗೆ ಹೇಳೋನಿದ್ದೆ."

"ಓಹೋ! ತಪ್ಪೂ ನಿಂದು, ದೊಡ್ಡ ಮನಸ್ಸು ಮಾಡಿ ಕ್ಷಮಿಸೋನೂ ನೀನೇ!"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ಚಮಚೆಯನ್ನೂ ಎಸೆಯದವಳು ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದಳು. ಆ ಸದ್ದು ಗಾಳಿಕೊಳವೆ ಹಿಡಿದು ಮನೆಯ ಎಲ್ಲ ಕೋಣೆಗೂ ಏರಿತು.

"ಮೆಲ್ಲಗೆ. ಅವರಿಗೆ ಕೇಳಿಸುತ್ತೆ."

"ಕೇಳಿಸಲಿ! ಕೋಟು ಹಾಕ್ಕೊಂಡು ಕೂತಿದ್ದಾರೆ ಮೇಲೆ. 'ನನ್ನ ನೀರು ನಿನ್ನ ಮನೆ ಕೆಡಿಸಬಾರದು ಮಗಳೇ' ಅಂದ್ರು ಬೆಳಿಗ್ಗೆ. ನಾನು ತಲೆ ತಗ್ಗಿಸಿ ಅವರ ಕೋಟಿಗೆ ಬ್ರಷ್ ಹಾಕ್ದೆ. ನನಗೂ ನಾಚಿಕೆಯಾಗಬೇಕು. ಹೋಗು, ಹೇಳು ಅವರಿಗೆ."

"ನಿನ್ನ ಅಪ್ಪ. ನೀನು ಹೇಳಿದ್ರೇ..."

"ನಾನು ಹೇಳಿದ್ರೆ ಅದು ಗಂಡನ ಮೇಲಿನ ಚಾಡಿ. ನಿನ್ನ ಬಾಯಿಂದ ಬರಲಿ."

ಅಪ್ಪ ಆಗಲೇ ಮೆಟ್ಟಿಲ ಮೇಲಿದ್ದ. ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಪಾಲಿಶ್ ಮಾಡಿದ ಬೂಟು. ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದು ತೆರೆದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಗಣಿಯಲ್ಲಿ ಮೂವತ್ತೆಂಟು ವರ್ಷ ಪಂಪು ರಿಪೇರಿ ಮಾಡಿದ ಉಗುರಿನಿಂದ ಸಿಲಿಕೋನನ್ನು ಕೆರೆದ.

"ಇದನ್ನ ಬಳಿದವರು ಯಾರು?"

"ನಾನು," ಎಂದ ಲೈಲ್. ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ಇದ್ದ. "ಐನೋ, ನೀರು ನಿಮ್ಮದಲ್ಲ. ಎರಡು ವಾರದಿಂದ ಗೊತ್ತಿತ್ತು ನನಗೆ. ಹೇಳಲಿಲ್ಲ."

ಅಪ್ಪ ಉಗುರಿಗೆ ಹತ್ತಿದ ಸಿಲಿಕೋನನ್ನು ಒರೆಸಿಕೊಂಡ.

"ಎರಡು ಶನಿವಾರ," ಎಂದ. "ಗೊತ್ತಿದ್ದೂ ಎರಡು ಶನಿವಾರ ನನ್ನ ಆ ತೊಟ್ಟೀಲಿ ಕೂರಿಸಿದೆ."

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು.

"ಇವತ್ತು ಬರಲ್ಲ ಅಂತ ಹೇಳು ಅವನಿಗೆ," ಎಂದ ಅಪ್ಪ.

"ಇವತ್ತು ಮಾತ್ರಾನಾ, ಅಪ್ಪ?"

"ಇವತ್ತು ಅಂದೆ." ಅವನು ಸೌನಾದೊಳಗೆ ಹೋಗಿ ಕೆಳಗಿನ ಹಲಗೆಯ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ. ತಲೆ ಎತ್ತದೆ ಅಳಿಯನಿಗೆ ಹೇಳಿದ, "ಸೌದೆ ತಾ. ಬರ್ಚ್ ಮರದ್ದು. ಶೆಡ್ಡಿನ ಹಿಂದಿನ ಸಾಲಲ್ಲಿದೆ."

"ಎಷ್ಟು ತರ್ಲಿ?"

"ನಾನು ಸಾಕು ಅನ್ನೋವರೆಗೆ."

ಕಾರನ್ನು ವಾಪಸು ಕಳಿಸಿ ಬಂದ ಕಾರಿನಾ ಕೊಳವೆಯ ಬಾಯಿಗೆ ವಿನಿಗರ್ ಸುರಿದು, ಚಾಕು ಹಿಡಿದು ಸುಣ್ಣ ಕೆರೆಯತೊಡಗಿದಳು. ನೆಲಮಾಳಿಗೆಯ ಎತ್ತರದ ಕಿಟಕಿಯಲ್ಲಿ ಲೈಲನ ಬೂಟುಗಳಷ್ಟೇ ಕಾಣುತ್ತಿದ್ದವು. ಹಿಮ ಕಿರುಗುಟ್ಟಿಸುತ್ತ ಶೆಡ್ಡಿಗೆ ಹೋಗುತ್ತಿದ್ದವು, ಭಾರ ಹೊತ್ತು ಬರುತ್ತಿದ್ದವು. ಸೌನಾದ ಬಾಗಿಲಲ್ಲಿ ಒಂದು ಸಂಜೆಗೆ ಬೇಕಾದ್ದಕ್ಕಿಂತ ಹೆಚ್ಚು ಸೌದೆ ಬಿದ್ದಿತ್ತು. ಒಳಗಿನಿಂದ ಸಾಕು ಎಂಬ ಮಾತು ಬರಲಿಲ್ಲ.

ಬಟ್ಟೆ ಒಣಗಿಸುವ ಯಂತ್ರದ ಮೇಲೆ ಲೈಲ್ ಹಾಕಿಕೊಳ್ಳದೆ ಹೋದ ಚರ್ಮದ ಕೈಗವಸುಗಳು ಒಂದರ ಮೇಲೊಂದು ಬಿದ್ದಿದ್ದವು. ಕಾರಿನಾ ಅವನ್ನು ಒಮ್ಮೆ ನೋಡಿದಳು. ಮತ್ತೆ ಚಾಕು ಆಡಿಸಿದಳು. ಕಿಟಕಿಯಲ್ಲಿ ಬೂಟುಗಳು ಇನ್ನೊಂದು ಸಲ ಹಾದುಹೋದವು.