ಐದನೇ ನಂಬರಿನ ಎಣ್ಣೆ

ಎಣ್ಣೆ ಹೊಳೆಯುತ್ತಿದೆ, ಗೇರ್ ಎಣ್ಣೆ ಹೀಗೆ ಹೊಳೆಯಬಾರದು — ಕಾರಿನಡಿ ಮಲಗಿ ಹಯವದನ ಟಾರ್ಚ್ ಬಿಟ್ಟ, ಹೆಂಡತಿ ಶೈಲಾಳ ಹಳೇ ತಟ್ಟೆಗೆ ಬಸಿದ ಕಪ್ಪೆಣ್ಣೆಯೊಳಗೆ ಹಿತ್ತಾಳೆ ಪುಡಿ, ಬೆರಳಲ್ಲಿ ಉಜ್ಜಿದರೆ ನವಿರಾಗಿ ಅಂಟುತ್ತದೆ, ಗಂಧಕದ ನಾತ, ಗೇರುಗಳ ನಡುವಿನ ಹಿತ್ತಾಳೆ ಬಳೆಗಳನ್ನು ಎರಡು ವರ್ಷ ಕೂತು ತಿಂದಿದೆ ಈ ಹಾಳು ಎಣ್ಣೆ, ಅದಕ್ಕೇ ಬೆಳಿಗ್ಗೆ ಸೆಕೆಂಡ್ ಗೇರು ಹಾಗೆ ಕಿರುಚಿಕೊಂಡದ್ದು, ಇವತ್ತು ಗುರುವಾರ, ಶನಿವಾರ ಪಕ್ಕದ ಮನೆ ಸ್ಟ್ಯಾನನ ಮಗಳ ಮದುವೆ, ಇದು ಅವನಪ್ಪ ಮೂವತ್ತೆಂಟರಲ್ಲಿ ಕೊಂಡ ಕಾರು, ಹುಡುಗಿ ಇದರಲ್ಲೇ ಚರ್ಚಿಗೆ ಹೋಗಬೇಕು, ನೀನು ಗೇರಿನ ಎಂಜಿನಿಯರು, ನಿನ್ನ ಕೈಗೆ ಬಿಟ್ಟಿದೀನಿ ಅಂದಿದ್ದ ಸ್ಟ್ಯಾನ್, ಪ್ಲಾಂಟಿನಲ್ಲಿ ಯಾರೂ ಇವನ ಜೊತೆ ಊಟಕ್ಕೆ ಕೂರದಿದ್ದ ಕಾಲದಲ್ಲಿ ಡಬ್ಬಿ ಹಿಡಿದು ಬಂದು ಎದುರಿಗೆ ಕೂತವನು. ಹಿತ್ತಾಳೆಗೆ ಒಗ್ಗುವ ನಾಲ್ಕನೇ ನಂಬರಿನ ಎಣ್ಣೆ ತಾನೇ ತಂದಿಟ್ಟಿದ್ದನಲ್ಲ, ಕೈಯಲ್ಲೇ ಇತ್ತಲ್ಲ, ಸ್ಟ್ಯಾನ್ ಮೊದಲ ಸಲ ಕಾರನ್ನು ರಿಪೇರಿಗೆ ಬಿಟ್ಟಿದ್ದ ಎಪ್ಪತ್ತೆರಡರ ಆ ಭಾನುವಾರ ನಾರ್ತ್‌ವಿಲ್‌ನಿಂದ ಊಟಕ್ಕೆ ಬಂದ ಡಾಕ್ಟರ್ ದ್ವಾರಕಾನಾಥರು ಏಲಕ್ಕಿ ಅಗಿಯುತ್ತ ಗ್ಯಾರೇಜಿಗೆ ಇಣುಕಿ ನಕ್ಕರು, ಏನಯ್ಯಾ, ಐದನೇ ನಂಬರ್ ಬಂದಿರೋವಾಗ ನಾಲ್ಕು ಯಾಕೆ, ಐದು ಹಾಕು, ಎಂಥಾ ಲೋಡ್ ಬಂದ್ರೂ ತಡೆಯತ್ತೆ. ಲೋಡಂತೆ, ಎಕ್ಸ್‌ರೇ ನೋಡೋ ಮನುಷ್ಯನಿಗೆ ಏನು ಗೊತ್ತು, ಅದು ಲಾರಿಯ ಹಿಂದಿನ ಆಕ್ಸಲ್ಲಿಗೆ ಮಾಡಿದ್ದು, ಅದರೊಳಗಿನ ಗಂಧಕ ಹಿತ್ತಾಳೆಗೆ ವಿಷ, ಇವನಿಗೆ ಚೆನ್ನಾಗಿ ಗೊತ್ತಿತ್ತು, ನಾಲಿಗೆ ತುದಿಗೆ ಬಂದಿತ್ತು — ಆದರೆ ಅಮೆರಿಕಕ್ಕೆ ಬಂದ ಹೊಸದರಲ್ಲಿ ಮೂರು ತಿಂಗಳು ಬೇಸ್‌ಮೆಂಟಿನಲ್ಲಿಟ್ಟುಕೊಂಡು ಅನ್ನ ಹಾಕಿದವರು, ಎದುರಾಡೋದು ಹೇಗೆ, ಆಗಲಿ ಸರ್ ಅಂದ, ಹೋಗಿ ಐದು ತಂದು ಅವರೆದುರೇ ಸುರಿದ, ಅವರು ಹೊರಟ ಮೇಲಾದರೂ ಬಸಿಯಬಹುದಿತ್ತು, ಮುಂದಿನ ಸಲ ಬಂದು ಕೇಳಿದರೆ ಅಂತ ಅದನ್ನೂ ಮಾಡಲಿಲ್ಲ, ಥೂ, ಬೆಂಕಿ ಹಾಕ ಈ ದಾಕ್ಷಿಣ್ಯಕ್ಕೆ.

ಒಳಗಿನಿಂದ ಶೈಲಾ, ರೀ, ಡಾಕ್ಟ್ರು ಫೋನ್ ಮಾಡಿದಾರೆ, ಕಾರು ರೆಡಿನಾ ಅಂತ ಕೇಳ್ತಿದಾರೆ. ಇವತ್ತು ಬಿಡೋದಿಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳೇ ಬಿಡ್ತೀನಿ, ನಿಮ್ಮ ಐದು ತಗೊಂಡು ನಿಮ್ಮ ಕಾರಿಗೆ ಹುಯ್ಕೊಳ್ಳಿ ಅಂತೀನಿ, ಎದ್ದ, ತಲೆ ಬಂಪರಿಗೆ ತಾಗಿತು, ಕೈ ಒರೆಸದೆ ಅಡುಗೆಮನೆಯ ಬಿಳೀ ರಿಸೀವರ್ ಹಿಡಿದ, ಏನಯ್ಯಾ, ಹೇಗಿದೆ ಗಾಡಿ — ತುಂಬಾ ಚೆನ್ನಾಗಿದೆ ಸರ್, ಎಲ್ಲಾ ನಿಮ್ಮಿಂದಾನೇ — ಅಂದದ್ದು ಯಾರು, ಇವನದೇ ದನಿ, ಕಿಟಕಿಯಾಚೆ ಸ್ಟ್ಯಾನ್ ಕಾರಿಗೆ ಕಟ್ಟುವ ರಿಬ್ಬನ್ ಎತ್ತಿ ತೋರಿಸುತ್ತಿದ್ದಾನೆ, ನಗುತ್ತಿದ್ದಾನೆ, ರಿಸೀವರಿನ ಮೇಲೆ ಇವನ ಬೆರಳ ಗುರುತು, ಅದರ ತುಂಬ ಹಿತ್ತಾಳೆ ಪುಡಿ, ಒರೆಸಿದರೂ ಹಿತ್ತಾಳೆ ಪುಡಿ, ಹಿತ್ತಾಳೆ ಪುಡಿ