ಮಡಿಕೆ ಬಿಡಿಸಿದರೆ ಎಷ್ಟು

ಬಾಬಿನ್ ಹತ್ತು ಲೆಕ್ಕಕ್ಕೂ ಒಂದೇ ಉತ್ತರ ಬರೆದಿದ್ದಳು. ವೃತ್ತದ ಕಾಲು ಭಾಗಕ್ಕೆ ಬಣ್ಣ ಹಚ್ಚಿ, ಬಣ್ಣ ಇರುವುದು ಎಷ್ಟು ಎಂದು ಕೇಳಿದರೆ 1. ಚೌಕದ ಅರ್ಧಕ್ಕೆ ಬಣ್ಣ ಹಚ್ಚಿ ಕೇಳಿದರೂ 1. ಟೀಚರು ಕೆಂಪು ಪೆನ್ನಿನಲ್ಲಿ ಹತ್ತು ಸಲ ತಪ್ಪು ಹಾಕಿ, ಕೆಳಗೆ ಗುಂಡಗಿನ ಸೊನ್ನೆಯೊಂದನ್ನು ಕೊಟ್ಟಿದ್ದರು. ಹೋದ ತಿಂಗಳ ಪರೀಕ್ಷೆಯಲ್ಲೂ ಸೊನ್ನೆಯೇ ಬಂದಿತ್ತು. ಆಗ ಹುಡುಗಿಗೆ ನೆಗಡಿ ಇತ್ತು, ಮನೆಯವರು ತಪ್ಪನ್ನೆಲ್ಲ ನೆಗಡಿಯ ತಲೆಗೆ ಕಟ್ಟಿ ಸುಮ್ಮನಾಗಿದ್ದರು. ಈ ಸಲ ಮೂಗು ಚೆನ್ನಾಗಿಯೇ ಇತ್ತು.

ಉತ್ತರಪತ್ರಿಕೆಯ ಜೊತೆ ಒಂದು ಫಾರಂ ಬಂದಿತ್ತು. ವರ್ಷದ ಕೊನೆಯ ಎರಡು ಗಣಿತ ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಹತ್ತಕ್ಕೆ ನಾಲ್ಕು ಬಾರದಿದ್ದರೆ ಮಗು ಇನ್ನೊಂದು ವರ್ಷ ಮೂರನೇ ಕ್ಲಾಸಿನಲ್ಲೇ ಕೂರಬೇಕು, ಪೋಷಕರು ಬಂದು ಸಹಿ ಹಾಕಬೇಕು. ಸಹಿಗೆ ಮುಂಚೆ ಒಂದು ಪೀರಿಯಡ್ಡು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು ಆ ಶಾಲೆಯ ಪದ್ಧತಿ. ನೀವು ಸರಿಯಾಗಿ ಹೇಳಿಕೊಡಲಿಲ್ಲ ಎಂದು ಯಾರೂ ಆಮೇಲೆ ಜಗಳಕ್ಕೆ ಬರಬಾರದು ಅಂತ ಹೆಡ್‌ಮಿಸ್ ಮಾಡಿಟ್ಟ ವ್ಯವಸ್ಥೆ ಅದು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಎಂಟು ವರ್ಷದವರ ಬೆಂಚಿನಲ್ಲಿ ಮುಕ್ಕಾಲು ಗಂಟೆ ಮಂಡಿ ಮಡಚಿ ಕೂತರೆ ಎಂಥವರ ಜೋರೂ ಇಳಿದುಹೋಗುತ್ತದೆ.

ಫಾರಮ್ಮನ್ನು ಹುಡುಗಿಯ ಅಮ್ಮ ಟೈಲರಮ್ಮ ಕಟಿಂಗ್ ಟೇಬಲ್ಲಿನ ಮೇಲೆ ಇಟ್ಟು, ಹಾರಿಹೋಗದಂತೆ ಅದರ ಮೇಲೆ ಕತ್ತರಿ ಇಟ್ಟಳು. ಬೀದಿ ಕಡೆಗೆ ಬಾಗಿಲಿದ್ದ ಒಂದೇ ಕೋಣೆಯ ಅಂಗಡಿ ಅವಳದು. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಅರೆಬರೆ ಫ್ರಾಕುಗಳು. ಎರಡನೇ ಯಂತ್ರದಲ್ಲಿ ಕೂರುವವಳು ಅವಳ ನಾದಿನಿ. ಕೈಗಿಂತ ಅವಳ ಬಾಯಿಯೇ ಹೆಚ್ಚು ಹೊಲಿಯುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಅತ್ತಿಗೆಯ ಮಗಳಿಗೆ ಬಾಬಿನ್ ಅಂತ ಹೆಸರಿಟ್ಟವಳೂ ಅವಳೇ. ಯಂತ್ರದೊಳಗಿನ ನೂಲಿನ ಉರುಳೆಯ ಹಾಗೆ ಕೂತಲ್ಲಿ ಕೂರದೆ ಗಿರಗಿರ ತಿರುಗುವ ಕೂಸಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ.

"ಒಂದು ಸಹಿ ತಾನೆ ಅತ್ತಿಗೆ," ಎಂದಳು ನಾದಿನಿ, ಬಾಯಲ್ಲಿದ್ದ ನೂಲು ಕಡಿದು. "ಹಾಕಿ ಬಂದ್ಬಿಡು. ಇನ್ನೊಂದು ವರ್ಷ ಅದೇ ಯೂನಿಫಾರಂ ಆಗುತ್ತೆ."

"ಅದೇ ಆಗೋದು ಬೇಡ ಅಂತಲೇ ಯೋಚನೆ."

"ಹುಡುಗಿ ದಡ್ಡಿ ಅಲ್ಲ. ನನ್ನ ಡಬ್ಬೀಲಿ ಎಷ್ಟು ಸೂಜಿ ಇದೆ ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು."

ಟೈಲರಮ್ಮ ಕತ್ತರಿ ಸರಿಸಿ ಫಾರಮ್ಮನ್ನು ಇನ್ನೊಮ್ಮೆ ನೋಡಿದಳು. ಮತ್ತೆ ಅದೇ ಕ್ಲಾಸು, ಅದೇ ಪುಸ್ತಕ, ಗೋಡೆಯ ಮೇಲೆ ಅದೇ ಚಿತ್ರಗಳು. ಜೊತೆಯವರು ಪಕ್ಕದ ಕೋಣೆಗೆ ಹೋಗಿರುತ್ತಾರೆ, ಬಿಡುವಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಪಕ್ಕದಲ್ಲಿ ಕೂರುವ ಚಿಕ್ಕವರು ಮೊದಲ ದಿನವೇ ಕೇಳುತ್ತಾರೆ, ನೀನು ಯಾಕೆ ಇಲ್ಲಿದ್ದೀಯ ಅಂತ. ಅದಕ್ಕೆ ಯಾವ ಮಗುವಿನ ಹತ್ತಿರವೂ ಉತ್ತರ ಇರುವುದಿಲ್ಲ. ಆ ಪ್ರಶ್ನೆ ಮಗಳ ಕಿವಿಗೆ ಬೀಳಬಾರದು, ಅವಳಿಗೆ ಬೇಕಾಗಿದ್ದು ಅಷ್ಟೇ. ಆದರೆ ಅದಕ್ಕೆ ಏನು ಮಾಡಬೇಕು ಎಂದು ಮಾತ್ರ ಹೊಳೆಯಲಿಲ್ಲ. ರಾತ್ರಿ ಊಟ ಆದ ಮೇಲೆ ಮಗಳನ್ನು ಕೂರಿಸಿಕೊಂಡು ಕೇಳೋಣ ಎಂದರೆ ತನಗೇ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಲೆಕ್ಕ ತನ್ನ ತಲೆಗೆ ಹತ್ತುವ ವಸ್ತು ಅಲ್ಲ ಎಂದು ಅವಳು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಳು.

ಮರುದಿನ ಹತ್ತೂವರೆಗೆ ಹೋಗಬೇಕಿತ್ತು. ಅಷ್ಟರೊಳಗೆ ಒಂದು ಛತ್ರಿ ಫ್ರಾಕು ಕತ್ತರಿಸಿಡೋಣ ಎಂದು ಅವಳು ಬೆಳಗ್ಗೆ ಬೇಗ ಅಂಗಡಿ ತೆಗೆದಳು. ಬಾಬಿನ್ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡೇ ಟೇಬಲ್ಲಿನ ಆಚೆ ನಿಂತಳು. ಛತ್ರಿ ಫ್ರಾಕು ಎಂದರೆ ಅವಳಿಗೆ ಪ್ರಾಣ. ಬಟ್ಟೆಯನ್ನು ನಾಲ್ಕಾಗಿ ಮಡಚುವುದು, ಮಡಿಕೆಯ ಮೂಲೆಗೆ ಟೇಪು ಇಟ್ಟು ಸೀಮೆಸುಣ್ಣದಲ್ಲಿ ಕಾಲು ವೃತ್ತದ ಗೆರೆ ಎಳೆಯುವುದು, ನಾಲ್ಕೂ ಪದರವನ್ನು ಒಟ್ಟಿಗೇ ಕತ್ತರಿಸುವುದು, ಇಷ್ಟು ಅಮ್ಮನ ಕೆಲಸ. ಬಿಡಿಸಿ ನೆಲದ ಮೇಲೆ ಹಾಸುವುದು ಮಗಳ ಕೆಲಸ. ಮಾತು ಬಂದಾಗಿನಿಂದ ಇಬ್ಬರ ನಡುವೆ ಒಂದು ಆಟವೂ ನಡೆದು ಬಂದಿತ್ತು.

"ಎಷ್ಟು ಬರೀತಿದೀನಿ?"

"ಕಾಲು."

"ಬಿಡಿಸಿದ್ರೆ?"

"ಒಂದು."

ಹಾಸಿದ ಬಟ್ಟೆ ಕೋಣೆಯ ತುಂಬ ದುಂಡಗೆ ಹರಡಿಕೊಂಡಿತು. ಟೈಲರಮ್ಮ ಅದನ್ನು ಮಡಚಿಟ್ಟು, ಫಾರಂ ಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟಳು.

ಮೂರನೇ ಕ್ಲಾಸಿನ ಟೀಚರು ಚಿಕ್ಕ ವಯಸ್ಸಿನವರು. ಹಿಂದಿನ ಬೆಂಚಿಗೆ ಬರುವ ಪೋಷಕರನ್ನು ಕಂಡರೆ ಅವರಿಗೇ ಹೆಚ್ಚು ಮುಜುಗರ ಆಗುತ್ತಿತ್ತು. ಒಂದು ಸಲ ನಕ್ಕು, ಆಮೇಲೆ ಆ ಕಡೆ ತಿರುಗಿಯೂ ನೋಡದೆ ಪಾಠ ಶುರು ಮಾಡಿದರು. ಮಗ್ಗಿಯ ಪಟ್ಟಿ, ಹಣ್ಣಿನ ಚಿತ್ರ, ಹಗ್ಗಕ್ಕೆ ನೇತುಹಾಕಿದ ಬಣ್ಣದ ವೃತ್ತಗಳು, ಎಲ್ಲವನ್ನೂ ಅವರೇ ಕೈಯಾರೆ ಮಾಡಿದ್ದರು. ಅಂಟು ಹಾಕಿದ ಅಂಚುಗಳು ನೇರವಾಗಿದ್ದವು. ಇವರು ಕೆಲಸಕ್ಕೆ ಮೋಸ ಮಾಡುವವರಲ್ಲ ಎಂದು ಟೈಲರಮ್ಮನಿಗೆ ಅನಿಸಿತು. ಹಾಗನಿಸಿದ ಮೇಲೆ ಇನ್ನಷ್ಟು ಭಯವಾಯಿತು. ಟೀಚರು ಸರಿಯಿದ್ದರೆ ತಪ್ಪು ಮಗಳದ್ದೇ.

ಟೀಚರು ಹಳದಿ ಕಾಗದದ ವೃತ್ತವೊಂದನ್ನು ಎತ್ತಿ ಹಿಡಿದರು. "ಇದು ಎಷ್ಟು?"

"ಒಂದು," ಎಂದಿತು ಇಡೀ ಕ್ಲಾಸು.

ಕಾಗದವನ್ನು ನಡುವೆ ಮಡಚಿ, ಮಡಿಕೆಯ ಮೇಲೆ ಉಗುರು ಎಳೆದು, ಮತ್ತೆ ಎತ್ತಿ ಹಿಡಿದರು. "ಈಗ?"

"ಅರ್ಧ."

ಇನ್ನೊಂದು ಸಲ ಮಡಚಿದರು. ಹಳದಿ ವೃತ್ತ ಬೀಸಣಿಗೆಯ ಆಕಾರಕ್ಕೆ ಬಂತು. "ಈಗ ನನ್ನ ಕೈಯಲ್ಲಿ ಎಷ್ಟಿದೆ?"

"ಕಾಲು," ಎಂದಿತು ಕ್ಲಾಸು. ಎರಡನೇ ಸಾಲಿನಿಂದ ಒಂದು ದನಿ ಮಾತ್ರ "ಒಂದು" ಎಂದಿತು. ಮಕ್ಕಳು ಅಭ್ಯಾಸಬಲದಿಂದ ನಕ್ಕರು. ಈ ನಗು ಇವತ್ತಿನದಲ್ಲ ಎಂದು ಕೇಳಿದವರಿಗೆ ಗೊತ್ತಾಗುವಂತಿತ್ತು. ಬಾಬಿನ್ ತಲೆ ತಗ್ಗಿಸಿ ಪೆನ್ಸಿಲ್ಲಿನ ತುದಿ ಕಚ್ಚಿದಳು.

ಹಿಂದಿನ ಬೆಂಚಿನಲ್ಲಿ ಟೈಲರಮ್ಮನ ಕಿವಿ ಬಿಸಿಯಾಯಿತು. ಅವಮಾನಕ್ಕಲ್ಲ. ಟೀಚರು ಕೇಳಿದ ತಕ್ಷಣ ಅವಳ ಮನಸ್ಸಿನಲ್ಲೂ ಬಂದಿದ್ದು ಒಂದು ಎಂದೇ. ನಾಲ್ಕಾಗಿ ಮಡಚಿದ್ದು ಕಾಲು ಹೇಗಾಗುತ್ತದೆ? ಪೂರ್ತಿ ಕಾಗದ ಟೀಚರ ಕೈಯಲ್ಲೇ ಇದೆ, ಮಡಚಿದೆ ಅಷ್ಟೇ. ಒಂದು ಚೂರೂ ಎಲ್ಲಿಗೂ ಹೋಗಿಲ್ಲ. ಎರಡು ಮೀಟರ್ ಬಟ್ಟೆ ತಂದ ಗಿರಾಕಿಗೆ ಅದನ್ನು ಮಡಚಿ ತೋರಿಸಿ ಅರ್ಧ ಮೀಟರ್ ಇದೆ ಅಂದರೆ ಅವರು ಸುಮ್ಮನಿರುತ್ತಾರೆಯೇ?

ಹತ್ತು ಲೆಕ್ಕಕ್ಕೂ 1 ಯಾಕೆ ಎಂದು ಆಗ ಅವಳಿಗೆ ತಿಳಿಯಿತು. ಪುಸ್ತಕದ ಚಿತ್ರದಲ್ಲಿ ಕಾಲು ಭಾಗಕ್ಕೆ ಬಣ್ಣ ಕಂಡರೆ ಅದು ಸೀಮೆಸುಣ್ಣದ ಗೆರೆ, ಬಿಡಿಸಿದರೆ ಎಷ್ಟು ಎಂದು ಕೇಳುತ್ತಿದ್ದಾರೆ ಅಂತ ಹುಡುಗಿ ತಿಳಿದಿದ್ದಾಳೆ. ಹಾಗೆ ಕಲಿಸಿದವರು ಯಾರು? ದಿನ ಬೆಳಗಾದರೆ ಕಟಿಂಗ್ ಟೇಬಲ್ಲಿನ ಮುಂದೆ ನಿಲ್ಲಿಸಿಕೊಂಡು ತಾನೇ ಕಲಿಸಿದ್ದು. ಇಲ್ಲಿ ಟೀಚರೂ ಕಾಗದ ಮಡಚಿಯೇ ತೋರಿಸಿ ಅದನ್ನೇ ಗಟ್ಟಿ ಮಾಡಿದ್ದಾರೆ.

ಎದ್ದು ಹೇಳಬೇಕು ಅನಿಸಿತು. ಆದರೆ ಇಪ್ಪತ್ತೆಂಟು ಮಕ್ಕಳು ಕಾಲು ಅಂದಿದ್ದಾರೆ, ಒಂದು ಅಂದಿದ್ದು ತಾನು ಮತ್ತು ಮಗಳು. ಲೆಕ್ಕ ಬಾರದವರು ಇಬ್ಬರಾದರೆ ಲೆಕ್ಕ ಬಂದ ಹಾಗಾಗುವುದಿಲ್ಲವಲ್ಲ. ಗಂಟೆ ಹೊಡೆಯುವವರೆಗೂ ಅವಳು ಮಂಡಿ ಹಿಡಿದುಕೊಂಡು ಕೂತಳು.

ಹೆಡ್‌ಮಿಸ್ ಕೋಣೆಯಲ್ಲಿ ಅವರ ಕುರ್ಚಿ ಬಿಟ್ಟು ಎರಡು ಕುರ್ಚಿ ಇದ್ದವು. ಟೀಚರು ಗೋಡೆಗೆ ಒರಗಿ ನಿಂತರು. ಬಾಬಿನ್ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, ಮೊದಲ ಸಲ, ಅಲ್ಲಾಡಲಿಲ್ಲ.

"ಪಾಠ ನೋಡಿದ್ರಲ್ಲ," ಎಂದರು ಹೆಡ್‌ಮಿಸ್. ಸಹಿ ಹಾಕಬೇಕಾದ ಜಾಗದ ಮೇಲೆ ಬೆರಳಿಟ್ಟು ಪೆನ್ನು ಮುಂದೆ ತಳ್ಳಿದರು. "ಬೇಜಾರು ಮಾಡ್ಕೋಬೇಡಿ. ಒಂದು ವರ್ಷ ಹೆಚ್ಚು ಕೂತ್ರೆ ಬುನಾದಿ ಗಟ್ಟಿ ಆಗುತ್ತೆ."

ಟೈಲರಮ್ಮ ಪೆನ್ನು ತೆಗೆದುಕೊಂಡಳು. ಕ್ಯಾಪು ತೆಗೆದಳು. ಮತ್ತೆ ಹಾಕಿದಳು. ಹೆದರಿಕೆ ಇನ್ನೂ ಇತ್ತು, ಆದರೆ ಅದರ ಅಡಿಯಲ್ಲಿ ಸಿಟ್ಟೂ ಇತ್ತು. ಬುನಾದಿ ಗಟ್ಟಿ ಆಗುತ್ತದೆ ಎಂಬ ಮಾತಿಗೆ ಅದು ಮೇಲೆ ಬಂತು.

"ಟೀಚರ್, ಆ ಹಳದಿ ಕಾಗದ ಒಂದ್ಸಲ ಕೊಡ್ತೀರಾ?"

ಟೀಚರು ಪುಸ್ತಕದ ನಡುವೆ ಇಟ್ಟಿದ್ದ ಕಾಗದವನ್ನು ಕೊಟ್ಟರು. ಅದಿನ್ನೂ ನಾಲ್ಕಾಗಿ ಮಡಚಿಯೇ ಇತ್ತು. ಟೈಲರಮ್ಮ ಅದನ್ನು ಮಗಳ ಮುಂದೆ ಹಿಡಿದಳು.

"ಎಷ್ಟು ಪದರ ಇದೆ?"

"ನಾಲ್ಕು," ಎಂದಳು ಬಾಬಿನ್. ಮುಟ್ಟಿ ನೋಡುವ ಅಗತ್ಯವೂ ಅವಳಿಗೆ ಇರಲಿಲ್ಲ.

"ಅದಕ್ಕೇ ಒಂದು ಅಂದ್ಯಾ?"

"ಹೂಂ. ಬಿಡಿಸಿದ್ರೆ ಒಂದೇ ಅಲ್ವಾ."

ಗೋಡೆಗೆ ಒರಗಿದ್ದ ಟೀಚರು ನೆಟ್ಟಗಾದರು. ಟೈಲರಮ್ಮ ಅವರ ಕಡೆ ನೋಡಲಿಲ್ಲ. ನೋಡಿದರೆ ಧೈರ್ಯ ಜಾರಿಹೋಗುತ್ತಿತ್ತು. ಚೀಲದಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು.

"ಇದನ್ನ ಕತ್ತರಿಸಬಹುದಾ ಮೇಡಂ?"

ಹೆಡ್‌ಮಿಸ್ ಟೀಚರ ಮುಖ ನೋಡಿದರು. ಟೀಚರು ತಲೆಯಾಡಿಸಿದರು. ಟೈಲರಮ್ಮ ಕಾಗದ ಬಿಡಿಸಿ, ಎರಡೂ ಮಡಿಕೆಗಳ ಗೆರೆಯ ಮೇಲೆ ಕತ್ತರಿಸಿ, ನಾಲ್ಕು ತುಂಡುಗಳನ್ನು ಮೇಜಿನ ಮೇಲೆ ಇಟ್ಟಳು. ಒಂದು ತುಂಡು ಎತ್ತಿದಳು.

"ಈಗ ಇದು ಎಷ್ಟು ಪದರ?"

"ಒಂದೇ."

"ಬಿಡಿಸಿದ್ರೆ?"

ಬಾಬಿನ್ ತುಂಡನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಮಡಿಕೆ ಎಲ್ಲೂ ಇರಲಿಲ್ಲ. "ಬಿಡಿಸಕ್ಕಾಗಲ್ಲ. ಇಷ್ಟೇ ಇರೋದು."

"ಹಾಗಾದ್ರೆ ಎಷ್ಟು?"

"ಕಾಲು." ಹುಡುಗಿ ಅಮ್ಮನನ್ನೂ ಟೀಚರನ್ನೂ ನೋಡಿದಳು. ಅವಳ ದನಿಯಲ್ಲಿ ಸ್ವಲ್ಪ ತಕರಾರಿತ್ತು. "ಪುಸ್ತಕದಲ್ಲಿರೋದು ಒಂದೇ ಪದರನಾ? ಅದನ್ನ ಮೊದಲೇ ಹೇಳ್ಬೇಕಲ್ವಾ?"

ಟೀಚರು ಮೇಜಿನ ಹತ್ತಿರ ಬಂದು ಒಂದು ಬಿಳಿ ಹಾಳೆ ತೆಗೆದುಕೊಂಡರು. ಮಧ್ಯಕ್ಕೆ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನಾಲ್ಕು ವರ್ಷದಿಂದ ಹೀಗೇ ತೋರಿಸ್ತಿದೀನಿ," ಎಂದರು. "ಎಲ್ಲರೂ ಸರಿಯಾಗೇ ಹೇಳ್ತಾರೆ."

"ಅವರು ನಿಮ್ಮ ಬಾಯಿ ನೋಡ್ತಾರೆ ಟೀಚರ್," ಎಂದಳು ಟೈಲರಮ್ಮ. "ಇವಳು ಕೈ ನೋಡ್ತಾಳೆ. ಅಂಗಡೀಲಿ ಬೆಳೆದವಳು, ಅದೇ ಅಭ್ಯಾಸ. ತಪ್ಪು ನಂದೂ ಇದೆ. ಎಲ್ಲಿ ಮಡಚಿದೆ, ಎಲ್ಲಿ ಮಡಚಿಲ್ಲ ಅಂತ ನಾನು ಹೇಳ್ಕೊಡಲಿಲ್ಲ."

ಹೆಡ್‌ಮಿಸ್ ನಿಯಮದವರು. ಬಾಯಲ್ಲಿ ಹೇಳಿದ್ದಕ್ಕೆ ಅಂಕ ಇಲ್ಲ ಎಂದರು. ಆದರೆ ಈ ತಿಂಗಳು ಇನ್ನೂ ಮುಗಿದಿಲ್ಲ, ಈ ತಿಂಗಳ ಪರೀಕ್ಷೆಯನ್ನು ಮತ್ತೆ ಕೊಡಬಾರದು ಎಂದು ನಿಯಮದಲ್ಲಿ ಎಲ್ಲೂ ಇಲ್ಲ ಎಂದೂ ಅವರೇ ಹೇಳಿದರು. ಟೀಚರು ಅಲ್ಲೇ ಕೂತು ಹತ್ತು ಹೊಸ ಚಿತ್ರ ಬರೆದು, ಕೆಲವು ಭಾಗಗಳಿಗೆ ಬಣ್ಣ ಹಚ್ಚಿದರು. ಹುಡುಗಿ ಹಾಳೆಯನ್ನು ಮೇಜಿನ ಮೂಲೆಗೆ ಎಳೆದುಕೊಂಡು, ಮೊಣಕೈ ಅಡ್ಡ ಇಟ್ಟು, ಬರೆಯತೊಡಗಿದಳು. ಹೊರಗಡೆ ಬಿಡುವಿನ ಗದ್ದಲ ಎದ್ದಿತು. ಟೈಲರಮ್ಮ ಮಗಳ ಕೈ ನೋಡಲಾರದೆ ಕಿಟಕಿಯ ಆಚೆ ನೋಡಿದಳು. ಅಲ್ಲಿ ಒಬ್ಬ ಹುಡುಗಿಯ ಲಂಗದ ಅಂಚು ಬಿಚ್ಚಿ ಜೋತಾಡುತ್ತಿತ್ತು. ಎರಡು ಹೊಲಿಗೆಯ ಕೆಲಸ, ಯಾರೂ ಹಾಕಿರಲಿಲ್ಲ.

ಟೀಚರು ತಿದ್ದಿದರು. ಅರ್ಧ, ಕಾಲು, ಎಂಟನೇ ಒಂದು, ಎಲ್ಲವೂ ಸರಿ. ಮುಕ್ಕಾಲಿನ ಮೂರು ಲೆಕ್ಕ ಮಾತ್ರ ತಪ್ಪಾಗಿದ್ದವು. ಮುಕ್ಕಾಲಾಗಿ ಮಡಚಿ ಬಟ್ಟೆ ಕತ್ತರಿಸುವವರು ಯಾರೂ ಇಲ್ಲ, ಹಾಗಾಗಿ ಅದು ಅವಳಿಗೆ ಹೊಸದು. ಹತ್ತಕ್ಕೆ ಏಳು. ಟೀಚರು ಅಂಕ ಬರೆದು ಸುತ್ತ ವೃತ್ತ ಎಳೆದರು.

ಹೆಡ್‌ಮಿಸ್ ಫಾರಮ್ಮನ್ನು ಹಿಂದಕ್ಕೆ ಎಳೆದುಕೊಂಡು, ಅಡ್ಡಗೆರೆ ಹೊಡೆದು ಡ್ರಾಯರಿಗೆ ಹಾಕಿದರು. ಪೆನ್ನನ್ನೂ ವಾಪಸು ಕೇಳಿ ತೆಗೆದುಕೊಂಡರು. ಮಗಳು ಬರೆಯುವಷ್ಟು ಹೊತ್ತೂ ಟೈಲರಮ್ಮ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

"ಮುಂದಿನ ವಾರ ಒಂದು ದಿನ ಕ್ಲಾಸಿಗೆ ಬರ್ತೀರಾ?" ಎಂದು ಕೇಳಿದರು ಟೀಚರು. "ಹಿಂದಿನ ಬೆಂಚಿಗಲ್ಲ. ಬಟ್ಟೆ ಕತ್ತರಿಸಿ ತೋರಿಸೋದಕ್ಕೆ. ಮಕ್ಕಳಿಗೆ ಮಡಚಿದ್ದೂ ಕತ್ತರಿಸಿದ್ದೂ ಎರಡೂ ಗೊತ್ತಾಗಲಿ."

"ನಾನಾ? ನನಗೆ ಲೆಕ್ಕ ಬರಲ್ಲ ಟೀಚರ್."

"ಈಗ ಮಾಡಿದ್ದು ಮತ್ತೇನು? ನೀವು ಎಲ್ಲೀವರೆಗೆ ಓದಿದೀರಿ?"

ಟೈಲರಮ್ಮ ಕತ್ತರಿಯನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಈ ಪ್ರಶ್ನೆಗೆ ಗಂಡನಿಗೆ ಒಂದು ಉತ್ತರ, ನಾದಿನಿಗೆ ಒಂದು ಉತ್ತರ ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದಳು. ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

"ಮೂರನೇ ಕ್ಲಾಸು," ಎಂದಳು. "ಎರಡು ಸಲ."