ಒಂದೇ ಕಂಬಳಿಯ ಮೇಲೆ ಎರಡು ಪಟ್ಟಿ

ಮಾನ್ಯ ವಾಚಕ ಮಹಾಶಯರೇ, ಸರ್ಕಾರಿ ದಫ್ತರಗಳ ಕುರಿತಾದ ಈ ಅಲ್ಪ ವೃತ್ತಾಂತವನ್ನು ಸಾವಧಾನಚಿತ್ತರಾಗಿ ಅವಲೋಕಿಸಬೇಕಾಗಿ ವಿನಂತಿ.

ಎಪ್ಪತ್ತೈದರ ಮಾಗಿ. ಬೋರಾಮಣಿಯ ಆಚೆ ಹಳ್ಳದ ಎರಡೂ ದಂಡೆಗೆ ಹರಡಿದ ಒಂದು ವಸ್ತಿ. ಮೂಡಣ ದಂಡೆ ಅಕ್ಕಲಕೋಟ ತಾಲೂಕಿಗೆ, ಪಡುವಣ ದಂಡೆ ದಕ್ಷಿಣ ಸೋಲಾಪುರಕ್ಕೆ. ಹಳ್ಳ ಕವಲೊಡೆದ ನಡುದಿಬ್ಬದಲ್ಲಿ ಗುರುಲಿಂಗಮ್ಮನ ಮನೆ. ಆಕೆಗೆ ಬೇಕಾದದ್ದು ಒಂದು ಶಾಲೆ. ಮೊಮ್ಮಗಳು ದ್ರೌಪದಿಗೆ ಏಳು ತುಂಬಿತ್ತು. ಬರುವ ಜೂನಿನಲ್ಲೂ ಶಾಲೆಯಾಗದಿದ್ದರೆ ಹುಡುಗಿ ಎಮ್ಮೆ ಕಾಯಲಿ ಎಂದು ಮಗ ಹೇಳಿಬಿಟ್ಟಿದ್ದ.

ನಲವತ್ತು ಮಕ್ಕಳಿಲ್ಲದೆ ಮಾಸ್ತರರಿಲ್ಲ ಎಂಬುದು ಕಟ್ಟಳೆ. ವಸ್ತಿಯ ಮಕ್ಕಳ ಪಟ್ಟಿಯಲ್ಲಿ ಎಷ್ಟು ಹೆಸರೆಂದು ಅಕ್ಕಲಕೋಟದಲ್ಲಿ ಕೇಳಿದರೆ ತಮ್ಮ ದಂಡೆಯವು ಇಪ್ಪತ್ತೊಂದು ಎಂದರು, ಸೋಲಾಪುರದಲ್ಲೂ ಇಪ್ಪತ್ತೊಂದೇ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಕಂಡವರಲ್ಲ. ಓದುಬಾರದ ಮುದುಕಿ ಬಸ್ಸಿನಲ್ಲೇ ಬೆರಳೆಣಿಸಿ ಕೂಡಿಸಿದಳು: ನಲವತ್ತೆರಡು.

ಜೋಳದ ಎಳೆತೆನೆ ಸುಟ್ಟು ತಿನ್ನುವ ಸೀತನಿಯ ಕಾಲ. ಆ ಕರೆಗೆ ಯಾವ ಸಾಹೇಬನೂ ಒಲ್ಲೆನ್ನುವುದಿಲ್ಲ. ಮೊಮ್ಮಗಳ ಹೆಸರು ನೋಡಬೇಕು, ಪಟ್ಟಿ ತರ್ರಿ ಎಂದು ಎರಡೂ ಕಡೆಯ ಗ್ರಾಮಸೇವಕರಿಗೆ ಹೇಳಿಕಳಿಸಿದಳು. ಇನ್ನೊಬ್ಬ ಬರುವ ಸುದ್ದಿಯನ್ನು ಮಾತ್ರ ಇಬ್ಬರಿಗೂ ಮುಚ್ಚಿಟ್ಟಳು.

ಅಕ್ಕಲಕೋಟದ ಪಂಢರಿನಾಥ, ಸೋಲಾಪುರದ ಶ್ರೀನಿವಾಸ ಹೊಲದಲ್ಲಿ ಒಂದೇ ಕಂಬಳಿಯ ಮೇಲೆ ಎದುರುಬದುರಾದರು.

"ಏನ್ ಆಯಿ, ನಮಗ ಬೀಗತನಾ ಮಾಡಸಾಕತ್ತೀರೇನು?" ಎಂದು ನಕ್ಕ ಶ್ರೀನಿವಾಸ.

"ನಿಮಗಲ್ರೀ, ನಿಮ್ಮ ಪಟ್ಟಿಗೋಳಿಗೆ. ಒಬ್ಬರು ಓದ್ರಿ, ಒಬ್ಬರು ಕೇಳ್ರಿ. ಅಲ್ಲೀತನಕ ತೆನಿ ಸುಡತೀನಿ."

ಇಬ್ಬರೂ ಓದಿದರು. ವಸ್ತಿಯ ಧೂಳಪ್ಪನ ಮೂರು ಮಕ್ಕಳು ಎರಡೂ ಪಟ್ಟಿಯಲ್ಲಿ ಇದ್ದರು: ಅವನ ಮನೆ ಈ ದಂಡೆಗೆ, ಕಣ ಆ ದಂಡೆಗೆ; ಇಬ್ಬರು ಸಾಹೇಬರಿಗೂ ಇಲ್ಲವೆನ್ನಲಾರದೆ ಬರೆಸಿದ್ದ. ಉಳಿದದ್ದು ಮೂವತ್ತೊಂಬತ್ತು. ಮುದುಕಿಯ ಕೈಯ ತೆನೆ ಬೂದಿಗೆ ಬಿತ್ತು.

ಪಂಢರಿನಾಥ ಮತ್ತೊಮ್ಮೆ ಹಾಳೆ ತಿರುವಿ, ದ್ರೌಪದಿ ಎಲ್ಲಿ ಎಂದ. ಎರಡರಲ್ಲೂ ಇರಲಿಲ್ಲ. ನಡುದಿಬ್ಬದ ಮನೆ ಆಚೆಯವರದೆಂದು ಈತ, ಈಚೆಯವರದೆಂದು ಆತ, ಹತ್ತು ವರ್ಷ ಬಿಟ್ಟುಬಿಟ್ಟಿದ್ದರು.

"ಅಂದ್ರ ನಾವು ಯಾರ ಲೆಕ್ಕಕ್ಕೂ ಇಲ್ಲೇನ್ರಿ?"

ಪಂಢರಿನಾಥ ಕೈಗಂಟಿದ ಮಸಿ ಒರೆಸಿಕೊಂಡು, ಹೊಸ ಹಾಳೆಯ ಮೇಲೆ ಮೊದಲು ಆ ಹೆಸರನ್ನೇ ಬರೆದ. ಆಮೇಲೆ ಉಳಿದ ಮೂವತ್ತೊಂಬತ್ತು. ಕೆಳಗೆ ಇಬ್ಬರ ಸಹಿ. ಎರಡೂ ಕಚೇರಿಗೆ ಒಂದೊಂದು ಪ್ರತಿ. ಇನ್ನು ಮಾಗಿಗೊಮ್ಮೆ ಪಟ್ಟಿಗಳನ್ನು ಹೀಗೆಯೇ ಕೂಡಿ ನೋಡುವುದೆಂದು ಮಾತಾಯಿತು, ಸೀತನಿ ಮುದುಕಿಯದು.

ಜೂನಿನಲ್ಲಿ ಬೇವಿನ ನೆರಳಿಗೆ ಮಾಸ್ತರರು ಬಂದು ಹಾಜರಿ ಕೂಗಿದರು. ಮೊದಲ ಹೆಸರಿಗೆ ಓಗೊಟ್ಟ ದನಿ ಎರಡೂ ದಂಡೆಗೆ ಕೇಳಿಸಿತು. ಹಿಂದಿನ ರಾತ್ರಿ ಮುದುಕಿಯ ಮನೆಯಲ್ಲಿ ತಂಗಿ ಈ ವೃತ್ತಾಂತ ಕೇಳಿಕೊಂಡಿದ್ದ ಈ ಬರೆಹಗಾರ, ಆ ದನಿಯನ್ನೂ ಕೇಳಿ, ಪುಸ್ತಕ, ಧೋತರ ಚೀಲಕ್ಕೆ ತುರುಕಿ, ಅಕ್ಕಲಕೋಟದ ಬಸ್ಸಿಗೆ ಕೈಮಾಡಿ ಹತ್ತಿದನು.